ತೊಟ್ಟಿಲ ತಳದ ಹೆಸರು

ನವೆಂಬರ್ 16, 2025, ರವಿವಾರ

ಕಪಾಟಿನಲ್ಲಿ ಹಳೆಯ ವರ್ಷದ ಡೈರಿಯೊಂದು ಖಾಲಿ ಬಿದ್ದಿತ್ತು. ತಾರೀಖು ಹೊಂದುವುದಿಲ್ಲ, ಮೇಲೆ ನಾನೇ ಬರೆದುಕೊಳ್ಳುತ್ತೇನೆ. ಬರೆಯಲು ಕೂತ ಕಾರಣ ಒಂದೇ. ಇವರು ಆಂಟಿಗುವಾಕ್ಕೆ ಹೋಗಿ ಬರುವತನಕ ಯಾವ ಮಾತೂ ಮರೆತುಹೋಗಬಾರದು. ಇವರ ನೆನಪನ್ನು ನಂಬಿ ಕೂತರೆ ಹುಬ್ಬಳ್ಳಿ ಬಸ್ಸೂ ಸಿಗುವುದಿಲ್ಲ.

ಆಂಟಿಗುವಾ ಎಂಬುದು ಗ್ವಾಟೆಮಾಲಾ ದೇಶದ ಹಳೆಯ ರಾಜಧಾನಿ. ಎರಡು ಅಮೆರಿಕಾಗಳ ನಡುವೆ ಸಣ್ಣ ಕೊರಳಿನ ಹಾಗೆ ಕಾಣುವ ಭಾಗದಲ್ಲಿದೆ. ಸ್ಪೇನಿನವರು ಕಟ್ಟಿದ ಊರು, ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದದ್ದು. ಅಲ್ಲಿ ಮಾರ್ಚ್ ತಿಂಗಳಲ್ಲಿ ಕಟ್ಟಿಗೆ ಕೆಲಸದವರ ಮೇಳವಿದೆ. ಎರಡು ವರ್ಷದ ಹಿಂದೆ ಧಾರವಾಡದ ಪ್ರದರ್ಶನದಲ್ಲಿ ನಮ್ಮ ತೊಟ್ಟಿಲು ಕೊಂಡ ರೊಸಾರಿಯೊ ಎಂಬ ಹೆಂಗಸು ಆ ಮೇಳ ನಡೆಸುತ್ತಾಳೆ. ತೊಟ್ಟಿಲ ತಳದಲ್ಲಿದ್ದ "ಕಾಶಿನಾಥ, ಕಲಘಟಗಿ" ಎಂಬುದನ್ನು ಯಾರಿಂದಲೋ ಓದಿಸಿಕೊಂಡು, ಆ ಹೆಸರಿಗೆ ಕರೆ ಕಳಿಸಿದ್ದಾಳೆ. ಹೋಗಿಬರುವ ಖರ್ಚೆಲ್ಲ ಅವರದು.

ಆ ಹೆಸರು ಬರೆದವಳು ನಾನು. ಕಟ್ಟಿಗೆ ಕೊರೆದು ಕೂಡಿಸುವುದು ಇವರ ಕೆಲಸ. ಅದರ ಮೇಲಿನ ಅರಗಿನ ಬಣ್ಣ, ಕುದುರೆ, ನವಿಲು, ಬಳ್ಳಿ ನನ್ನವು. ಎಲ್ಲ ಮುಗಿದ ಮೇಲೆ ತಳದಲ್ಲಿ ಮನೆಯ ಯಜಮಾನನ ಹೆಸರು ಬರೆಯುವುದು ರೂಢಿ. ಮಾವನ ಹೆಸರನ್ನು ಅತ್ತೆ ಬರೆಯುತ್ತಿದ್ದರು, ಅತ್ತೆಯ ನಂತರ ಆ ಕುಂಚ ನನ್ನ ಕೈಗೆ ಬಂತು. ಬಾಯಿಂದ ಗಂಡನ ಹೆಸರು ಹೇಳಬಾರದು, ಕುಂಚದಿಂದ ಬರೆಯಬಹುದು. ಯಾರು ಮಾಡಿದ ಕಾನೂನೋ, ಇಪ್ಪತ್ತಾರು ವರ್ಷ ನಡೆಸಿಕೊಂಡು ಬಂದಿದ್ದೇನೆ.

ನಾಳೆ ಪಾಸ್‌ಪೋರ್ಟಿಗೆ ಹುಬ್ಬಳ್ಳಿಗೆ ಹೋಗಬೇಕು. ನನಗೂ ಮಾಡಿಸಬೇಕೆಂದು ಅಮೃತಾ ಹಟ ಹಿಡಿದಿದ್ದಾಳೆ. ಅಕ್ಕನ ಮಗಳು, ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. "ಒಬ್ಬರಿಗೆ ಓಡಾಡೂದೂ ಅಷ್ಟ, ಇಬ್ಬರಿಗೆ ಓಡಾಡೂದೂ ಅಷ್ಟ ಚಿಗವ್ವಾ" ಅಂದಳು. ಇರಲಿ, ಪಡಿತರ ಚೀಟಿಯ ಬಾಜು ಅದೂ ಒಂದು ಬಿದ್ದಿರುತ್ತದೆ.

ನವೆಂಬರ್ 30

ರೊಸಾರಿಯೊ ಉದ್ದನೆಯ ಪತ್ರ ಕಳಿಸಿದ್ದಾಳೆ. ಅಮೃತಾ ಓದುತ್ತ ಹೋದಳು, ನಾನು ಬರೆದುಕೊಂಡೆ.

ಬೀದಿಗಳೆಲ್ಲ ಉರುಟು ಕಲ್ಲು ಹಾಸಿದವು. ಚಪ್ಪಲಿ ಹಾಕಿಕೊಂಡು ಬಂದರೆ ಮೊದಲನೆಯ ದಿನವೇ ಕಾಲು ಹೊರಳುತ್ತದೆ, ದಪ್ಪ ತಳದ ಬೂಟು ಬೇಕು. ಹಗಲು ಬೆಚ್ಚಗಿದ್ದರೂ ಸಂಜೆಗೆ ಸ್ವೆಟರ್ ಬೇಕು, ಊರು ಎತ್ತರದಲ್ಲಿದೆ. ನಳದ ನೀರು ಕುಡಿಯಬಾರದು, ಹಲ್ಲುಜ್ಜುವುದಕ್ಕೂ ಬಾಟಲಿ ನೀರು. ವಿಮಾನ ಇಳಿಯುವುದು ಬೇರೆ ದೊಡ್ಡ ಊರಿನಲ್ಲಿ. ಅಲ್ಲಿಂದ ಆಂಟಿಗುವಾಕ್ಕೆ ಒಂದೂವರೆ ತಾಸು, ಸಿಕ್ಕ ಟ್ಯಾಕ್ಸಿ ಹತ್ತಬಾರದು, ಮೇಳದ ವ್ಯಾನ್ ಬರುತ್ತದೆ. ಒಂದು ಗುಡ್ಡ ಜ್ವಾಲಾಮುಖಿ, ದಿನವೂ ಹೊಗೆ ಬಿಡುತ್ತದೆ, ಹೆದರಬಾರದು. ದಕ್ಷಿಣಕ್ಕೆ ಇನ್ನೊಂದು ದೊಡ್ಡ ಗುಡ್ಡವಿದೆ, ಊರಿನ ಯಾವ ಓಣಿಯಿಂದಲೂ ಕಾಣುತ್ತದೆ. ದಾರಿ ತಪ್ಪಿದರೆ ಆ ಗುಡ್ಡ ನೋಡಿ ದಿಕ್ಕು ಹಿಡಿಯಬೇಕು.

ಈ ಕೊನೆಯ ಮಾತು ನನಗೆ ಹಿಡಿಸಿತು. ಇವರು ಬೂಟಿನ ಮಾತಿಗೇ ನಿಂತುಬಿಟ್ಟರು.

"ಬೂಟ್ ಹಾಕ್ಕೊಂಡ್ ತಿರಗಾಡಾಕ ನಾ ಏನ್ ಪೊಲೀಸನ?"

"ಕಾಲ್ ಮುರಕೊಂಡ್ ಬರೂದಾದ್ರ ಚಪ್ಪಲೀನ ಹಾಕ್ಕೊಂಡ್ ಹೋಗ್ರಿ" ಅಂದೆ.

ಡಿಸೆಂಬರ್ 7

ನಮ್ಮ ಓಣಿಯಲ್ಲಿ ವಿಮಾನ ಹತ್ತಿದವಳು ಜರೀನಾಬಿ ಒಬ್ಬಳೇ. ಮೂರು ವರ್ಷದ ಹಿಂದೆ ಉಮ್ರಾ ಯಾತ್ರೆಗೆಂದು ಮೆಕ್ಕಾಕ್ಕೆ ಹೋಗಿ ಬಂದಿದ್ದಾಳೆ. ಅಲ್ಲಿಂದ ಬಂದ ಮೇಲೆ ಯಾರು ಎಲ್ಲಿಗೆ ಹೊರಟರೂ, ಹತ್ತಿರದ ಅಳ್ನಾವರಕ್ಕೆ ಹೊರಟರೂ, ಅವಳ ಸಲಹೆ ಇದ್ದೇ ಇರುತ್ತದೆ. ಇವತ್ತು ಚಹಾಕ್ಕೆ ಕರೆದೆ. ಇವರನ್ನೂ ಕೂಡಿಸಿದೆ.

"ಪಾಸ್‌ಪೋರ್ಟ್ ಚೀಲದಾಗ ಇಡಬ್ಯಾಡ್ರಿ, ಮೈಗೆ ಕಟಗೋರಿ" ಅಂದಳು. "ಇಳದ ಮ್ಯಾಲೆ ಹೊರಗ ನಿಮ್ಮ ಹೆಸರಿನ ಬೋರ್ಡ್ ಹಿಡಕೊಂಡ್ ನಿಂತಿರತಾರ. ನಿಮ್ಮ ಹೆಸರು ಬಿಟ್ಟು ಬ್ಯಾರೆ ಯಾವ ಹೆಸರಿಗೂ ಹೂಂ ಅನಬ್ಯಾಡ್ರಿ. ಮಂದ್ಯಾಗ ತಪ್ಪಿಸಿಕೊಂಡ್ರ ನಿಂತಲ್ಲೇ ನಿಂದರ್ರಿ. ನೀವು ತಿರಗಾಡಿದ್ರ, ಹುಡುಕಾವ್ರೂ ತಿರಗಾಡಿದ್ರ, ಯಾರಿಗ್ಯಾರೂ ಸಿಗೂದಿಲ್ಲ."

ಇವರು ಅರ್ಧಕ್ಕೇ ಎದ್ದು ಹಲಗೆಗೆ ರಂದ ಹೊಡೆಯಲು ಹೋದರು. ನಾನು ಎಲ್ಲ ಬರೆದಿಟ್ಟಿದ್ದೇನೆ.

ಡಿಸೆಂಬರ್ 28

ಬೂಟು ಬಂತು. ಕೆರೆಯ ಕಡೆಯ ರಸ್ತೆಗೆ ಜಲ್ಲಿ ಹಾಕಿ ಡಾಂಬರು ಮರೆತಿದ್ದಾರೆ. ಅದಕ್ಕಿಂತ ಒಳ್ಳೆಯ ಆಂಟಿಗುವಾ ನಮಗೆಲ್ಲಿ ಸಿಗಬೇಕು. ಮುಂಜಾನೆ ಇವರನ್ನು ಅಲ್ಲಿ ನಡೆಸಿದೆ. ಇಪ್ಪತ್ತು ಹೆಜ್ಜೆಗೆ ಕೂತರು. ಹೆಂಗೆ ನಡೆಯಬೇಕೆಂದು ತೋರಿಸಲು ನಾನೇ ಬೂಟು ಹಾಕಿಕೊಂಡು ಕೆರೆ ದಂಡೆಯತನಕ ಹೋಗಿ ಬಂದೆ. ನನಗೆ ಒಂದು ಬೆರಳು ದೊಡ್ಡವು. ತೋರಿಸುವುದಕ್ಕಷ್ಟೇ ತಾನೆ.

ಜನವರಿ 11, 2026

ಇವತ್ತಿನ ಪತ್ರ ಸರಿಯಿಲ್ಲ.

ಮೇಳದಲ್ಲಿ ಬರೀ ತೊಟ್ಟಿಲು ಇಟ್ಟು ಕೂತರೆ ಆಗುವುದಿಲ್ಲವಂತೆ. ಬಣ್ಣ ಹಚ್ಚದ ಸಣ್ಣ ತೊಟ್ಟಿಲು ತಂದು, ಮೂರು ದಿನ ಜನರ ಎದುರು ಕೂತು ಚಿತ್ರ ಬರೆದು ಮುಗಿಸಬೇಕು. "ನಿಮ್ಮ ಆ ಕುದುರೆಯನ್ನು ಬರೆಯುವ ಕೈ ನೋಡಲು ಇಲ್ಲಿ ಎಲ್ಲರೂ ಕಾದಿದ್ದಾರೆ" ಎಂದು ರೊಸಾರಿಯೊ ಬರೆದಿದ್ದಾಳೆ.

ಅಮೃತಾ ಓದಿ ನನ್ನ ಮುಖ ನೋಡಿದಳು. ನಾನು ಇವರ ಮುಖ ನೋಡಿದೆ. ಇವರು ಗೋಡೆ ನೋಡಿದರು.

"ಅದೇನ್ ದೊಡ್ಡ ಮಾತ ಬಿಡು" ಅಂದರು ಆಮೇಲೆ. "ಇನ್ನೂ ಎರಡ್ ತಿಂಗಳೈತಿ. ಕಲಿಸು, ಕಲೀತೇನಿ."

ಜನವರಿ 18

ಒಂದು ವಾರದಿಂದ ಕಲಿಸುತ್ತಿದ್ದೇನೆ. ಕೊರೆಯುವ ಕೈ ಗಟ್ಟಿ, ಕುಂಚ ಹಿಡಿದರೆ ಉಳಿ ಹಿಡಿದಂತೆ ಒತ್ತುತ್ತದೆ. ಇವತ್ತು ಬರೆದ ಕುದುರೆಯನ್ನು ನೋಡಿ ಜರೀನಾಬಿ, "ಆಡು ಚಂದ ಬಂದೈತಿ" ಅಂದಳು. ನಗಬಾರದೆಂದು ತುಟಿ ಕಚ್ಚಿಕೊಂಡೆ. ಇವರು ಹಲಗೆಯನ್ನು ಗೋಡೆಗೆ ಒಗೆದರು. ಐವತ್ತೆಂಟು ವರ್ಷದ ಗಂಡಸಿಗೆ ಹೀಗೆ ಕೂತು ತಪ್ಪುವುದು ಕಷ್ಟ. ಪಾಪ ಅನಿಸಿತು. ಆದರೂ ಇನ್ನೊಂದು ಹಲಗೆ ತಂದು ಮುಂದಿಟ್ಟೆ.

ಜನವರಿ 25

"ಮೈಯಾಗ ಆರಾಮಿಲ್ಲ, ಬರಾಕ ಆಗೂದಿಲ್ಲ ಅಂತ ಬರಸಿಬಿಡು" ಅಂದರು ಇವರು.

"ಸುಳ್ಳ ನಾ ಬರಸಂಗಿಲ್ರಿ."

"ಮತ್ತ ಖರೇನ ಬರಸ್ತಿ? ತೊಟ್ಟಲದ ಮ್ಯಾಲ ಹೆಸರ ಒಬ್ಬರದು, ಕೈ ಒಬ್ಬರದು ಅಂತ?"

"ಹೌದ್ರಿ. ಹಂಗ ಬರಸ್ತೇನಿ. ನಾ ಹೋಗತೇನಿ."

ನಕ್ಕರು. "ನೀನಾ? ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ನನ್ನ ಅಂಗಿ ಹಿಡಕೊಂಡ್ ನಡಿಯಾಕಿ ನೀನಾ?"

ಇಷ್ಟು ವರ್ಷದಲ್ಲಿ ಅವರ ಎಷ್ಟೋ ಮಾತು ಕೇಳಿದ್ದೇನೆ. ಈ ನಗು ಚುಚ್ಚಿತು. ಅಂಗಿ ಹಿಡಿಯುತ್ತಿದ್ದದ್ದು ನನಗೆ ದಾರಿ ತಿಳಿಯದೆ ಅಲ್ಲ, ಅವರು ತಪ್ಪಿಸಿಕೊಳ್ಳಬಾರದೆಂದು.

ಜನವರಿ 26

ಬರೆಸಿದೆ. ಅಮೃತಾ ಎರಡು ಸಲ ಕೇಳಿದಳು, "ಕಳಸ್ಲೇನು?" ಅಂತ. ಕಳಿಸು ಅಂದೆ.

ಜನವರಿ 29

ಉತ್ತರ ಇಲ್ಲ. ಮನೆಯಲ್ಲಿ ಮಾತೂ ಇಲ್ಲ. ರೊಟ್ಟಿ ಮಾಡಿದೆ, ತಿಂದರು.

ಫೆಬ್ರವರಿ 3

ರೊಸಾರಿಯೊ ಬರೆದಿದ್ದಾಳೆ. "ನಾನು ನೋಡಬೇಕೆಂದಿದ್ದದ್ದು ಆ ಕುದುರೆ ಬರೆದವರನ್ನು. ಅದು ನೀವಾದರೆ ನೀವೇ ಬನ್ನಿ. ಕಾಗದಪತ್ರದಲ್ಲೆಲ್ಲ ಹೆಸರು ಬದಲಿಸುತ್ತೇನೆ." ಅಷ್ಟೇ. ಇಪ್ಪತ್ತಾರು ವರ್ಷದ ಗಂಟನ್ನು ಆಕೆ ಮೂರು ಸಾಲಿನಲ್ಲಿ ಬಿಚ್ಚಿಟ್ಟಳು.

ಈಗ ಬಹಳ ಕೆಲಸವಿದೆ. ವೀಸಾದ ಅರ್ಜಿ ದಿಲ್ಲಿಗೆ ಹೋಗಬೇಕು. ಹುಬ್ಬಳ್ಳಿಯ ಏಜೆಂಟ್ ಸಾಧಿಕ್ ದಾರಿ ಹಾಕಿಕೊಟ್ಟ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಮುಂಬೈ, ಅಲ್ಲಿಂದ ಇಸ್ತಾಂಬುಲ್, ಅಲ್ಲಿಂದ ಪನಾಮಾ, ಆಮೇಲೆ ಗ್ವಾಟೆಮಾಲಾ. ಪನಾಮಾ ದಾರಿಯಾದ್ದರಿಂದ ಹಳದಿ ಜ್ವರದ ಸೂಜಿ ಹಾಕಿಸಿಕೊಂಡು ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದಂತೆ, ಇಲ್ಲವಾದರೆ ತಿರುಗಿ ಬರುವಾಗ ನಮ್ಮವರೇ ತಡೆದು ಕೂಡಿಸುತ್ತಾರಂತೆ. ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು.

ಫೆಬ್ರವರಿ 15

ಇವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಮೂರು ದಿನದಿಂದ ಹಿತ್ತಲಲ್ಲಿ ಸಾಗವಾನಿಯ ಸಣ್ಣ ತುಂಡುಗಳನ್ನು ಕೊಯ್ಯುತ್ತಿದ್ದಾರೆ. ಇವತ್ತು ಹೋಗಿ ನೋಡಿದೆ. ಬಿಚ್ಚಿ ಜೋಡಿಸುವ ತೊಟ್ಟಿಲು, ನನ್ನ ಸೂಟ್‌ಕೇಸಿನ ಅಳತೆಗೆ. ಅಳತೆ ಯಾವಾಗ ತಗೊಂಡರೋ. ಕೇಳಲಿಲ್ಲ. ಚಹಾ ಇಟ್ಟು ಬಂದೆ.

ಫೆಬ್ರವರಿ 22

ದಿನವೂ ಜಲ್ಲಿ ರಸ್ತೆಯ ಮೇಲೆ ನಡೆಯುತ್ತೇನೆ. ಎರಡು ಜೊತೆ ಕಾಲುಚೀಲ ಹಾಕಿದರೆ ಬೂಟು ಸರಿ ಕೂಡುತ್ತದೆ. ಇಳಕಲ್ ಸೀರೆಯ ಕೆಳಗೆ ಗಂಡಸರ ಬೂಟು. ಕೆರೆಯ ಹತ್ತಿರ ಬಟ್ಟೆ ಒಗೆಯುವವರು ಒಗೆಯುವುದನ್ನು ನಿಲ್ಲಿಸಿ ನೋಡುತ್ತಾರೆ. ಅವರಲ್ಲೊಬ್ಬಳು, ಹನಮವ್ವ, ಕೇಳಿಯೇಬಿಟ್ಟಳು.

"ಎತ್ಲಾಗ ಹೊಂಟಿ ಬೇ, ಬೂಟ್ ಹಾಕ್ಕೊಂಡು?"

"ಗ್ವಾಟೆಮಾಲಾಕ್ಕ."

"ಅದೆಲ್ಲೈತಿ?"

"ತಡಸದ ಆಚೆ" ಅಂದೆ. ತಡಸ ನಮ್ಮ ಪಕ್ಕದ ಊರು, ಸುಳ್ಳೇನಲ್ಲ.

ಮಾರ್ಚ್ 9

ವೀಸಾ ಬಂತು. ಅದರಲ್ಲಿ ನನ್ನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದ್ದಾರೆ. ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದೆ, ಹಾಲು ಉಕ್ಕಿತು.

ಬಣ್ಣ ತೀಡಿ ಹೊಳಪು ತರುವ ಕೇದಗಿ ಎಲೆ ಒಯ್ಯುವಂತಿಲ್ಲ. ಹಸಿರು ಎಲೆ, ಬೀಜ, ಮಣ್ಣು ಯಾವುದನ್ನೂ ಅಲ್ಲಿ ಒಳಗೆ ಬಿಡುವುದಿಲ್ಲ ಅಂದ ಸಾಧಿಕ್. ಎಲೆಯಿಲ್ಲದೆ ಅರಗಿನ ಬಣ್ಣ ಮಂಕಾಗಿ ಕೂತಿರುತ್ತದೆ. ಅಲ್ಲಿ ಹೋಗಿ ಏನಾದರೂ ಹುಡುಕಬೇಕು. ಹುಡುಕುತ್ತೇನೆ.

ಮಾರ್ಚ್ 19, ಯುಗಾದಿ

ಬೇವು ಬೆಲ್ಲ ಆಯಿತು. ನಾಳೆ ಹೊರಡುವುದು. ಇವರು ತೊಟ್ಟಿಲ ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟರು. ತಳದ ಹಲಗೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು.

"ಹೆಸರ ಇಲ್ಲೆ ಬರೀಬ್ಯಾಡ. ಎಲ್ಲಾ ಮುಗದ ಮ್ಯಾಲೆ ಅಲ್ಲೇ ಬರಿ."

ಯಾವ ಹೆಸರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದೇನಿದೆ, ತಳದಲ್ಲಿ ಬರೆಯುವ ಹೆಸರು ಒಂದೇ ಅಲ್ಲವೆ.

ಆಮೇಲೆ ನನ್ನ ಡೈರಿ ಕೇಳಿದರು. "ನನಗ ಅಂತ ಬರದಿದ್ದಿ ಅಲ್ಲ, ನೋಡೂಣು." ಕೊಡಲಿಲ್ಲ.

ಮಾರ್ಚ್ 21, ಆಂಟಿಗುವಾ

ಬಂದು ಮುಟ್ಟಿದೆ. ನಾಲ್ಕು ವಿಮಾನ, ಹಗಲೋ ರಾತ್ರಿಯೋ ಲೆಕ್ಕ ತಪ್ಪಿತು. ಪಾಸ್‌ಪೋರ್ಟ್ ಮೈಗೆ ಕಟ್ಟಿಕೊಂಡೇ ಬಂದೆ, ತೋರಿಸುವಾಗೆಲ್ಲ ಸೀರೆಯ ಮಡಿಕೆಯಿಂದ ತೆಗೆಯಬೇಕಾಯಿತು. ಮುಂದೆ ಹೋಗುವ ಹೆಂಗಸರು ಯಾರಾದರೂ ಇದ್ದರೆ ಕೊರಳಿಗೆ ಹಾಕುವ ಸಣ್ಣ ಚೀಲ ಹೊಲಿಸಿಕೊಳ್ಳಲಿ.

ವಿಮಾನ ನಿಲ್ದಾಣದ ಹೊರಗೆ ಆದದ್ದನ್ನು ಇದ್ದದ್ದಿದ್ದ ಹಾಗೆ ಬರೆಯುತ್ತೇನೆ.

ಹೊರಗೆ ಹತ್ತಾರು ಜನ ಹೆಸರು ಬರೆದ ಕಾಗದ ಹಿಡಿದು ನಿಂತಿದ್ದರು. ಒಂದೊಂದೇ ಓದುತ್ತ ಹೋದೆ, ಮಹಾನಂದಾ ಎಂಬ ನನ್ನ ಹೆಸರು ಎಲ್ಲಿಯೂ ಇಲ್ಲ. ಒಬ್ಬ ಮೀಸೆಯ ಮನುಷ್ಯ ಹಿಡಿದ ಕಾಗದದಲ್ಲಿ ಇಂಗ್ಲಿಷಿನಲ್ಲಿ "ಕಾಶಿನಾಥ" ಎಂದಿತ್ತು. ಜನವರಿಯ ಹಳೆಯ ಕಾಗದವನ್ನೇ ಯಾರೋ ಅವನ ಕೈಗೆ ಕೊಟ್ಟು ಕಳಿಸಿದ್ದಾರೆ. ನನ್ನ ಸೀರೆ ನೋಡಿ ಅವನೇ ಬಂದು ಕಾಗದ ತೋರಿಸಿ, "ಕಾಶಿನಾತ್?" ಎಂದು ಕೇಳಿದ.

ಹೂಂ ಅಂದಿದ್ದರೆ ಮುಗಿದಿತ್ತು. ನನಗೆ ಸಿಟ್ಟು ಬಂತು. ಭೂಮಿಯ ಅರ್ಧ ಸುತ್ತಿ ಬಂದರೂ ಆ ಹೆಸರೇ ನನ್ನ ಎದುರು ನಿಂತಿದೆಯಲ್ಲ ಎಂದು. ಬೇರೆ ಹೆಸರಿಗೆ ಹೂಂ ಅನ್ನಬಾರದೆಂದು ಜರೀನಾಬಿ ಬೇರೆ ಹೇಳಿದ್ದಳು. "ನೋ, ಮಹಾನಂದಾ" ಅಂದೆ. ಅವನು ತಲೆಯಾಡಿಸಿ ಆಚೆ ಹೋದ. ನನ್ನ ಹೆಸರಿನವನು ಬಂದೇ ಬರುತ್ತಾನೆಂದು ನಿಂತಲ್ಲೇ ನಿಂತೆ. ಒಂದು ತಾಸು ಹೋಯಿತು. ನಿಂತವರೆಲ್ಲ ತಮ್ಮ ತಮ್ಮ ಜನರನ್ನು ಕರೆದುಕೊಂಡು ಹೋದರು. ನನ್ನ ಫೋನ್ ಅಲ್ಲಿ ಹತ್ತಲಿಲ್ಲ. ಮೀಸೆಯವನೂ ಕೊನೆಗೆ ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು ಬೀದಿಯ ಕಡೆಗೆ ಹೊರಟ. ಅವನು ಹೋದರೆ ನಾನು ಈ ದೇಶದಲ್ಲಿ ಯಾರಿಗೂ ಗೊತ್ತಿಲ್ಲದವಳು.

ಅವನನ್ನು ಏನೆಂದು ಕರೆಯುವುದು? ಅವನಿಗೆ ಗೊತ್ತಿದ್ದ ಶಬ್ದ ಒಂದೇ, ನಾನು ಬಾಯಿಂದ ಆಡದಿದ್ದ ಶಬ್ದವೂ ಅದೇ. ಲಗ್ನದಲ್ಲಿ ಗಂಡನ ಹೆಸರು ಕೂಡಿಸಿ ಒಡಪಿನ ಪದ್ಯ ಹೇಳಿಸಿದಾಗ ಒಮ್ಮೆ ಹೇಳಿದ್ದೆ, ಅದೂ ನೆಲ ನೋಡುತ್ತ. ಸೂಟ್‌ಕೇಸ್ ಎಳೆದುಕೊಂಡು ಓಡುತ್ತ, ಗಂಟಲು ಹರಿಯುವ ಹಾಗೆ ಕೂಗಿದೆ. ಕಾಶಿನಾಥ, ಕಾಶಿನಾಥ ಎಂದು.

ಅವನು ತಿರುಗಿದ. ಪೊಲೀಸನೂ ತಿರುಗಿದ, ಹೂ ಮಾರುವವಳೂ ತಿರುಗಿದಳು. ಏನೂ ಆಗಲಿಲ್ಲ. ದೂರದಲ್ಲಿ ಗುಡ್ಡ ಹೊಗೆ ಬಿಡುತ್ತಿತ್ತು, ಅದು ದಿನವೂ ಬಿಡುತ್ತದೆ.

ಬೋರ್ಡಿನಲ್ಲಿ ಯಾವ ಹೆಸರು ಬರೆಯುತ್ತೀರಿ ಎಂದು ಹೊರಡುವ ಮೊದಲು ಕೇಳಿಕೊಳ್ಳಬೇಕು. ಇದು ಜರೀನಾಬಿಗೂ ಗೊತ್ತಿಲ್ಲದ ಮಾತು.

ಮಾರ್ಚ್ 22, ರವಿವಾರ

ಬೂಟು ಸಾರ್ಥಕವಾಯಿತು. ಈ ಬೀದಿಗಳ ಕಲ್ಲಿನ ಮುಂದೆ ನಮ್ಮ ಜಲ್ಲಿ ಏನೂ ಅಲ್ಲ. ಮನೆಗಳೆಲ್ಲ ತಗ್ಗು, ಭೂಮಿ ನಡುಗಿದರೆ ಬೀಳುವುದೂ ಕಡಿಮೆ ಇರಲೆಂದು. ಗೋಡೆಗೆ ಅರಿಶಿನ, ಕುಂಕುಮದ ಬಣ್ಣ. ಓಣಿಯಲ್ಲಿ ಒಮ್ಮೆ ದಾರಿ ತಪ್ಪಿದೆ, ದೊಡ್ಡ ಗುಡ್ಡ ನೋಡಿ ತಿರುಗಿ ಬಂದೆ. ರೊಸಾರಿಯೊ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎದ್ದೆ. ಗೋವಿನಜೋಳದ ಸಣ್ಣ ರೊಟ್ಟಿ, ಕರಿ ಕಾಳಿನ ಪಲ್ಯ. ಖಾರ ಸಾಲದು, ನಾನು ತಂದ ಚಟ್ನಿಪುಡಿ ಅವರಿಗೂ ಕೊಟ್ಟೆ. ರೊಸಾರಿಯೊ ಕಣ್ಣೀರು ಒರೆಸಿಕೊಂಡು ಮತ್ತೆ ಹಾಕಿಸಿಕೊಂಡಳು.

ಇಲ್ಲಿ ಹೋಳಿಯಂಥ ಬಣ್ಣಗಳನ್ನು ಕಟ್ಟಿಗೆಯ ಹೊಟ್ಟಿಗೆ ಕಲಸಿ, ಬೀದಿಯ ಉದ್ದಕ್ಕೂ ಜಮಖಾನದ ಹಾಗೆ ಹಾಸುತ್ತಾರೆ. ನಾವು ಹಂಡೆಯ ಒಲೆಗೆ ಸುರಿಯುವ ಹೊಟ್ಟು. ನನಗೂ ಒಂದು ಮೂಲೆ ಬಿಟ್ಟುಕೊಟ್ಟರು, ಬಳ್ಳಿ ಬಿಡಿಸಿದೆ. ಸಂಜೆ ಅವರ ದೇವರ ಮೆರವಣಿಗೆ ಬಂದು ಎಲ್ಲ ತುಳಿದು ಹೋಯಿತು. ಯಾರೂ ಮರುಗಲಿಲ್ಲ. ಇದಕ್ಕೆ ಹೆಸರು ಬರೆಯುವುದಿಲ್ಲವೆ ಎಂದು ರೊಸಾರಿಯೊಳ ಫೋನಿನಲ್ಲಿ ಭಾಷೆ ತಿರುಗಿಸಿ ಅವಳನ್ನು ಕೇಳಿದೆ. ಯಾರ ಮನೆಯ ಮುಂದೆ ಯಾರು ಹಾಸಿದ್ದೆಂದು ಓಣಿಗೆಲ್ಲ ಗೊತ್ತಲ್ಲ ಅಂದಳು. ಅದು ಸರಿ. ಆದರೆ ತೊಟ್ಟಿಲು ಓಣಿ ಬಿಟ್ಟು ಹೋಗುತ್ತದೆ.

ಮುಂಜಾನೆ, ಮನೆಯ ವೈಫೈಗೆ ನನ್ನ ಫೋನ್ ಹತ್ತಿದ ಮೇಲೆ, ಕಾಶಿನಾಥ ಫೋನ್ ಮಾಡಿದ್ದರು. ಅಲ್ಲಿ ಸಂಜೆ. ನಿನ್ನೆಯ ಕಥೆ ಹೇಳಿದೆ.

"ಹೆಸರ ಹಿಡದ ಕೂಗಿದಿ? ಅಷ್ಟ ಮಂದಿ ಮುಂದ?"

"ನಮ್ಮ ಮಂದಿ ಅಲ್ರಿ, ಅವರ ಮಂದಿ."

"ಹಂಗಾದ್ರ ನಡೀತೈತಿ" ಅಂದರು. ಆಮೇಲೆ, "ಜೋರ್ ಕೂಗಿದಿ ಏನ್?" ಎಂದು ಕೇಳಿದರು.

ಮಾರ್ಚ್ 24

ಎರಡು ದಿನದಿಂದ ಕೂತು ಬರೆಯುತ್ತಿದ್ದೇನೆ. ಸುತ್ತ ಜನ. ಮೊದಲನೆಯ ತಾಸು ಕೈ ಹಿಡಿತಕ್ಕೆ ಬರಲಿಲ್ಲ, ಆಮೇಲೆ ಕುದುರೆಯ ಕಿವಿ ಮೂಡಿತು, ಜನ ಮರೆತುಹೋದರು. ಕೇದಗಿ ಎಲೆಯ ಬದಲು ಗೋವಿನಜೋಳದ ತೆನೆಯ ಒಣ ಸಿಪ್ಪೆಯಿಂದ ತೀಡಿದೆ. ಕಾಶಿನಾಥ ನಂಬುವುದಿಲ್ಲ, ಎಲೆಗಿಂತ ಒಂದು ಕೈ ಹೆಚ್ಚೇ ಹೊಳಪು ಬಂದಿದೆ. ನಮ್ಮ ಕಲಘಟಗಿಯ ಹೊಲಗಳಲ್ಲಿ ಈ ಸಿಪ್ಪೆಯನ್ನು ದನಕ್ಕೆ ಹಾಕುತ್ತೇವೆ. ತಿರುಗಿ ಹೋದ ಮೇಲೆ ಹೇಳಬೇಕು.

ಮಾರ್ಚ್ 26

ನಿನ್ನೆ ಮುಗಿಯಿತು. ತೊಟ್ಟಿಲು ಜೋಡಿಸಿ ತೂಗುಹಾಕುವ ಮೊದಲು ತಳದ ಹಲಗೆ ಮಗುಚಿದೆ. ಬಿಳಿ ಬಣ್ಣ ಅದ್ದಿದ ಕುಂಚ ತಾನಾಗಿಯೇ "ಕಾ" ಬರೆಯುವ ಜಾಗಕ್ಕೆ ಹೋಯಿತು. ತಡೆದೆ. ಜನ ನೋಡುತ್ತಿದ್ದರು, ಅವರಿಗೆ ಕನ್ನಡ ಬಾರದು, ಏನು ಬರೆದರೂ ಚಂದ ಅನ್ನುತ್ತಿದ್ದರು. ನನಗೆ ಬರುತ್ತದಲ್ಲ. ಬರೆದೆ.

ಇವತ್ತು ಮುಂಜಾನೆ ಫೋನ್ ಬಂತು. ಆ ಕಡೆ ಉಳಿಯ ಸಪ್ಪಳ ಕೇಳುತ್ತಿತ್ತು.

"ಹೆಸರ ಬರದಿ?"

"ಬರದೆ."

"ಏನಂತ?"

"ಮಹಾನಂದಾ, ಕಲಘಟಗಿ ಅಂತ."

ಉಳಿಯ ಸಪ್ಪಳ ನಿಂತಿತು. ಫೋನ್ ಕಟ್ಟಾಯಿತೇನೋ ಎಂದು ನೋಡಿಕೊಂಡೆ. ಆಗಿರಲಿಲ್ಲ. ತಪ್ಪಾಯಿತು ಎಂದು ಮಾತ್ರ ಹೇಳುವವಳಲ್ಲ ನಾನು.

"ಅಕ್ಷರ ನೆಟ್ಟಗ ಬಂದಾವಿಲ್ಲೊ?" ಅಂದರು.

"ಮೊದಲನೇದು ಸ್ವಲ್ಪ ವಾರಿ ಆಗೇತ್ರಿ. ರೂಢಿ ಇಲ್ಲಲ್ಲ."

"ಆಕ್ಕೈತಿ. ಮುಂದಿನ ತೊಟ್ಟಲಕ್ಕ ಕಟ್ಟಿಗಿ ಕೊಯ್ದಿಟ್ಟೇನಿ, ಬಂದ್ ಬರಿ."

ಮತ್ತೆ ಉಳಿಯ ಸಪ್ಪಳ ಶುರುವಾಯಿತು. ಫೋನ್ ಇಟ್ಟ ಮೇಲೆ ಈ ಪುಟದ ಕೆಳಗೆ ನನ್ನ ಹೆಸರನ್ನು ನಾಲ್ಕು ಸಲ ಬರೆದು ನೋಡಿದೆ. ನಾಲ್ಕನೆಯದು ನೆಟ್ಟಗಿದೆ.